ಎಣ್ಣೆ ಕಾಣದ ನೆತ್ತಿ

ಮೊನ್ನೆ ಕಚೇರಿಯಲ್ಲಿ ಪಕ್ಕದ ಮೇಜಿನ ಸರೋಜಾ ಮೇಡಂ ಇದ್ದಕ್ಕಿದ್ದಂತೆ, "ಅದೇನ್ರೀ ಚಂದ್ರಕಲಾ, ಯಾವಾಗ ನೋಡಿದ್ರೂ ಭುಜ ಒರೆಸ್ಕೊಳ್ತಾ ಇರ್ತೀರಿ? ಕಾಗೆ ಗೀಗೆ ಕೂತಿತ್ತಾ?" ಎಂದು ಕೇಳಿಬಿಟ್ಟರು. ಅಭ್ಯಾಸ ಮೇಡಂ ಎಂದು ನಕ್ಕೆ. ಕಾಗೆ ಕೂತಿದ್ದರೆ ಶಾಂತಿ ಮಾಡಿಸಿ ಕೈತೊಳೆದುಕೊಳ್ಳಬಹುದಿತ್ತು. ನನ್ನದು ಹಾಗೆ ಮುಗಿಯುವ ಬಾಬತ್ತಲ್ಲ. ಎಂಟನೇ ತರಗತಿಯಿಂದ ಇವತ್ತಿನವರೆಗೂ ನನ್ನ ಬಲಗೈ ಎಡಭುಜವನ್ನು, ಎಡಗೈ ಬಲಭುಜವನ್ನು ಒರೆಸುತ್ತಲೇ ಬಂದಿವೆ. ತಾಳಿ ಕಟ್ಟಿಸಿಕೊಳ್ಳುವ ಗಳಿಗೆಯಲ್ಲೂ ಬಿಡುವು ಕೊಟ್ಟಿಲ್ಲ. ನಮ್ಮ ಮದುವೆಯ ವಿಡಿಯೊ ನೋಡಿದವರು ಮದುವಣಗಿತ್ತಿಗೆ ಸೊಳ್ಳೆ ಕಾಟವಿತ್ತೆಂದು ತಿಳಿದಿದ್ದಾರೆ.

ವಿಷಯ ತಲೆಹೊಟ್ಟಿನದು. ಇಷ್ಟು ಸಣ್ಣ ವಿಷಯವನ್ನು ಬರೆಯುವುದಕ್ಕೂ ನನಗೆ ಅಳುಕು. ಆದರೆ ಸಣ್ಣದು ಎಂದು ಹೇಳುವವರ ತಲೆ ಸ್ವಚ್ಛವಾಗಿರುತ್ತದೆ ಎಂಬುದನ್ನು ನಾನು ಗಮನಿಸಿದ್ದೇನೆ.

ಕೆಲವರಿಗೆ ಹಾವಿನ ಭಯ, ಕೆಲವರಿಗೆ ಆನೆಯ ಭಯ. ಕಾಡಿನ ಅಂಚಿನ ಹಂಗಳದಲ್ಲಿ ಎರಡೂ ಇರುವುದರಿಂದ ನನಗೆ ಎರಡರ ಭಯವೂ ಇದೆ. ಅವೆರಡನ್ನೂ ಮೀರಿದ ಭಯ ನನ್ನ ಹಿಂದೆ ಕೂತವರದು. ದಿನಾ ಬೆಳಿಗ್ಗೆ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಬಸ್ಸು ಬದಲಾಯಿಸಿ ಚಾಮರಾಜನಗರದ ಕಚೇರಿಗೆ ಹೋಗುವವಳು ನಾನು. ಮುಂದಿನ ಸೀಟು ಖಾಲಿ ಇದ್ದರೂ ಹೋಗಿ ಕೂರುವುದು ಕಟ್ಟಕಡೆಯ ಸೀಟಿನಲ್ಲಿ. ತೆರಕಣಾಂಬಿ ದಾಟುವಷ್ಟರಲ್ಲಿ ಸೊಂಟದ ಮೂಳೆಗಳೆಲ್ಲ ಜಾಗ ಬದಲಾಯಿಸಿರುತ್ತವೆ. ಆದರೂ ಹಿಂದೆ ಯಾರೂ ಇಲ್ಲ ಎಂಬ ನೆಮ್ಮದಿಯಲ್ಲಿ ಒಂದು ಕಣ್ಣು ನಿದ್ದೆ ತೆಗೆಯಬಹುದು. ಕಂಡಕ್ಟರು ನನ್ನನ್ನು ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಹೆಂಗಸೆಂದು ಭಾವಿಸಿ ಕಿಟಕಿ ತೆಗೆದುಕೊಡುತ್ತಾರೆ.

ನನ್ನ ಬೀರುವಿನಲ್ಲಿ ಇರುವುದೆಲ್ಲ ಕೆನೆ ಬಣ್ಣ, ಗಂಧದ ಬಣ್ಣ, ಬೂದಿ ಬಣ್ಣ. ಮದುವೆಯಾದ ಮೊದಲ ಗೌರಿ ಹಬ್ಬಕ್ಕೆ ಯಜಮಾನರು ಆಸೆಪಟ್ಟು ಕಡುನೀಲಿ ಸೀರೆ ತಂದರು, ಅದಕ್ಕೊಪ್ಪುವ ಕರೀ ರವಿಕೆ. ಬಿಚ್ಚಿ ನೋಡುತ್ತಿದ್ದಂತೆ ನನಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದಾಳೆಂದು ಅವರು ಮುಂದಿನ ವರ್ಷವೂ ಅಂಥದ್ದೇ ತಂದರು.

ಇನ್ನು ಕೂದಲಿನ ಕತೆ. ಸ್ವಂತ ಹೊಗಳಿಕೆ ಎಂದುಕೊಳ್ಳಬೇಡಿ, ತೆರಕಣಾಂಬಿಯ ನಮ್ಮ ಬೀದಿಯಲ್ಲಿ ನನ್ನ ಜಡೆ ಒಂದು ನೋಡುವ ವಸ್ತುವಾಗಿತ್ತು. ಒಂದು ಹಿಡಿಯಲ್ಲಿ ಹಿಡಿಸುತ್ತಿರಲಿಲ್ಲ. ಅವ್ವ ಜಡೆ ಹಾಕಲು ಕೂತರೆ ಒಲೆಯ ಮೇಲಿನ ಸಾರು ಉಕ್ಕುವುದು ಖಾತ್ರಿ. ಬಂದ ನೆಂಟರೆಲ್ಲ, "ಅಯ್ಯೋ ಏನ್ ಕೂದ್ಲವ್ವಾ ಇದು" ಎಂದು ಎತ್ತಿ ನೋಡುವರು. ಅವರು ಹೊರಟ ಕೂಡಲೇ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ಹಾಗೆ ಹೊಗಳಿಸಿಕೊಂಡ ಕೂದಲಿನ ಒಳಗೆ ಏನಿದೆ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. ಭಾನುವಾರ ತೊಳೆದ ತಲೆ ಸೋಮವಾರ ಸಂಜೆಯಾದರೂ ಬುಡದಲ್ಲಿ ಒದ್ದೆ. ಒದ್ದೆಯಲ್ಲೇ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಮೇಲೆತ್ತಿ ಬಿಗಿದು ಶಾಲೆಗೆ ಕಳಿಸುವರು. ಆ ತೇವದ ವಾಸನೆ ಮಳೆಗೆ ನೆನೆದ ಗೋಣಿಚೀಲದ್ದು.

ಎಂಟನೇ ತರಗತಿಯಲ್ಲಿ ಒಂದು ದಿನ ಲೆಕ್ಕದ ಪೀರಿಯಡ್ಡಿನಲ್ಲಿ ಪೆನ್ಸಿಲಿನಿಂದ ತಲೆ ಕೆರೆದುಕೊಂಡೆ. ಡೆಸ್ಕಿನ ಕಪ್ಪು ಹಲಗೆಯ ಮೇಲೆ ಬೆಳ್ಳಗೆ ಉದುರಿತು. ಹಿಂದಿನ ಬೆಂಚಿನ ಪುಟ್ಟತಾಯಿ ಬಗ್ಗಿ ನೋಡಿ, "ಚಂದ್ರಿ ಕೂತ್ಕಂಡೇ ರಾಗಿ ತೂರ್ತಾವ್ಳೆ ಕಣ್ರಮ್ಮಿ" ಎಂದಳು. ಇಡೀ ಸಾಲು ನಕ್ಕಿತು. ಮೇಷ್ಟರು ಏನದು ಎಂದು ಕೇಳಿದರು. ಯಾರಾದರೂ ಉತ್ತರ ಕೊಟ್ಟುಬಿಟ್ಟರೆ ಎಂದು ನಾನು ಎರಡೂ ಕೈಯಿಂದ ಡೆಸ್ಕು ಒರೆಸಿದೆ. ಯಾರೂ ಕೊಡಲಿಲ್ಲ. ಪುಟ್ಟತಾಯಿ ಒಳ್ಳೆಯವಳು, ಆಮೇಲೆ ಕ್ಷಮೆಯನ್ನೂ ಕೇಳಿದಳು. ಆದರೆ ಬೆನ್ನಿನ ಹಿಂದೆ ಎರಡು ಕಣ್ಣಿರುತ್ತವೆ ಎಂಬ ತಿಳಿವಳಿಕೆ ಅವತ್ತೇ ಬಂದದ್ದು, ಮತ್ತೆ ಹೋಗಲಿಲ್ಲ.

ಅವ್ವನಿಗೆ ಹೇಳಿದೆ. ಅವ್ವ ಬೈತಲೆಯಲ್ಲಿ ಒಮ್ಮೆ ಉಗುರಾಡಿಸಿ, "ತಲೆ ಒಣುಗ್ಬುಟ್ಟದೆ ಕಣಮ್ಮಿ" ಎಂದಳು. ಬೇಸಾಯದ ಮನೆಯವಳು. ಹೊಲ ಒಣಗಿ ಸಿಪ್ಪೆ ಏಳುವುದನ್ನು ನೋಡಿದ್ದಾಳೆ, ಅದಕ್ಕೆ ನೀರು ಬಿಡಬೇಕೆಂದು ಗೊತ್ತು. ನೆತ್ತಿ ಸಿಪ್ಪೆ ಎದ್ದರೆ ಎಣ್ಣೆ ಬಿಡಬೇಕು. ಇದರಲ್ಲಿ ತಪ್ಪೆಲ್ಲಿದೆ ಹೇಳಿ? ಹರಳೆಣ್ಣೆ ಬೆಚ್ಚಗೆ ಮಾಡಿ, ಕಿವಿಯ ಹಿಂದೆ ಇಳಿದು ಲಂಗದ ಮೇಲೆ ತೊಟ್ಟಿಕ್ಕುವಷ್ಟು ಹಾಕಿದಳು. ಎರಡು ದಿನ ಒಂದು ಚೂರೂ ಉದುರಲಿಲ್ಲ. ನಮ್ಮಿಬ್ಬರಿಗೂ ಗೆದ್ದಷ್ಟು ಸಂತೋಷವಾಯಿತು. ಎಣ್ಣೆಯಲ್ಲಿ ನೆನೆದ ಹೊಟ್ಟು ಉದುರುವುದಿಲ್ಲ, ಅಂಟಿಕೊಂಡು ಕೂತಿರುತ್ತದೆ ಎಂಬುದು ತಿಳಿಯಲು ನನಗೆ ಇನ್ನೂ ಹದಿನೈದು ವರ್ಷ ಬೇಕಾಯಿತು. ಮೂರನೆಯ ದಿನ ಮತ್ತೆ ಶುರು, ಮೊದಲಿಗಿಂತ ದಪ್ಪ. ಆಗ ಇನ್ನಷ್ಟು ಎಣ್ಣೆ.

ನಡುನಡುವೆ ಬೀದಿಯವರ ಔಷಧಿಗಳೂ ನಡೆದವು. ನಿಂಬೆಹಣ್ಣು ತಿಕ್ಕಿಸಿಕೊಂಡು ಉರಿಗೆ ಅಂಗಳದಲ್ಲಿ ಕುಣಿದಿದ್ದೇನೆ. ಮೆಂತ್ಯ ಅರೆದು ಹಚ್ಚಿಸಿಕೊಂಡು, ದಟ್ಟ ಕೂದಲಿನಿಂದ ಅದು ತೊಳೆದುಹೋಗದೆ, ಪರೀಕ್ಷೆ ಬರೆಯುವಾಗ ಉತ್ತರಪತ್ರಿಕೆಯ ಮೇಲೆ ಮೆಂತ್ಯದ ಚೂರು ಬಿದ್ದಿದೆ. ಹುಳಿಮೊಸರು ಹಾಕಿಸಿಕೊಂಡ ದಿನ ಮನೆಯ ಬೆಕ್ಕು ಶಾಲೆಯ ಗೇಟಿನ ತನಕ ನನ್ನ ಹಿಂದೆ ಬಂತು.

ಮದುವೆಯ ಹೊತ್ತಿಗೆ ನನ್ನ ಜಡೆ ಇನ್ನೂ ಬೆಳೆದಿತ್ತು, ಅದರೊಡನೆ ಭಯವೂ ಬೆಳೆದಿತ್ತು. ನಮ್ಮ ಕಡೆ ಹೆಣ್ಣು ನೋಡಲು ಬಂದ ಹೆಂಗಸರು ಜಡೆ ಹಿಡಿದು ನೋಡುತ್ತಾರೆ. ಚೌರಿ ಸೇರಿಸಿದ್ದಾರೋ ಸ್ವಂತದ್ದೋ ಎಂದು ಬಿಚ್ಚಿಸಿ ನೋಡಿದವರೂ ಇದ್ದಾರೆ. ಹಂಗಳದಿಂದ ಬರುತ್ತಾರೆಂದು ಗೊತ್ತಾದ ದಿನದಿಂದ ನನಗೆ ಊಟ ಸೇರಲಿಲ್ಲ. ಹುಡುಗ ಹೇಗಿರುತ್ತಾನೋ ಎಂಬ ಚಿಂತೆ ಒಂದು ಕ್ಷಣವೂ ಬರಲಿಲ್ಲ. ಅವನ ತಾಯಿ ಜಡೆ ಬಿಚ್ಚಿದರೆ ಏನು ಗತಿ ಎಂಬುದೊಂದೇ ಚಿಂತೆ. ಕೊನೆಗೆ ಅವ್ವ ಉಪಾಯ ಮಾಡಿದಳು. ನಾಲ್ಕು ಮಾರು ಮಲ್ಲಿಗೆ ತರಿಸಿ ನೆತ್ತಿಯಿಂದ ಕುತ್ತಿಗೆಯವರೆಗೆ ಸುತ್ತಿದಳು. ಬಿಳಿಯ ನಡುವೆ ಬಿಳಿ, ಯಾರಿಗೆ ಕಾಣಬೇಕು! ಹುಡುಗನ ತಾಯಿ ಬಂದು ಜಡೆಯನ್ನು ಕೈಯಲ್ಲಿ ತೂಗಿ ನೋಡಿ, "ಇದೇನ್ ಕೂದ್ಲೋ ಬಾವಿ ಅಗ್ಗವೋ?" ಎಂದು ನಕ್ಕು ಬಿಟ್ಟುಬಿಟ್ಟರು. ಹಾಗೆ ನನ್ನ ಅತ್ತೆಯಾದರು.

ಅತ್ತೆ ಒಳ್ಳೆಯವರು. ಇದನ್ನು ಹೆದರಿ ಬರೆಯುತ್ತಿಲ್ಲ, ನಿಜವಾಗಿಯೂ ಒಳ್ಳೆಯವರು. ನನ್ನ ತಟ್ಟೆಗೆ ತುಪ್ಪ ಜಾಸ್ತಿಯೇ ಬೀಳುತ್ತದೆ. ಮಾವನವರು ನಾನು ಬರುವ ಮುಂಚೆಯೇ ತೀರಿಹೋಗಿದ್ದರು. ಮನೆಯಲ್ಲಿ ನಾವು ಮೂವರೇ. ಅತ್ತೆಗೆ ಮಗ, ಎಮ್ಮೆ ಮತ್ತು ಎಣ್ಣೆ ಇವು ಮೂರರ ಮೇಲೆ ಪ್ರಾಣ. ಪ್ರತಿ ಶುಕ್ರವಾರ ಬೆಳಿಗ್ಗೆ ಒಳಮನೆಯ ಮಬ್ಬಿನಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ನೆತ್ತಿ ತಟ್ಟುವರು. ಮೊದಲ ಶುಕ್ರವಾರ ಅವರ ಬೆರಳು ನೆತ್ತಿಗೆ ತಾಕಿದಾಗ ನಾನು ಮಣೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

"ಇದ್ಯಾಕವ್ವಾ ತರಿತರಿ ಅಂತದೆ?" ಎಂದರು.

ನಾನು ಸೆರಗಿನಿಂದ ಭುಜ ಒರೆಸಿಕೊಂಡೆ.

"ಒಣುಗ್ಬುಟ್ಟದೆ. ನಿಮ್ಮವ್ವ ಎಣ್ಣೆ ಸರ್ಯಾಗ್ ಕಂಡ್ಸಿಲ್ಲ" ಎಂದು ಇನ್ನೊಂದು ಹಿಡಿ ಸುರಿದರು. ನನ್ನ ಅವ್ವ ಇದನ್ನು ಕೇಳಿದ್ದರೆ ಎರಡು ಊರಿಗೂ ಜಗಳ ಹತ್ತುತ್ತಿತ್ತು.

ಮದುವೆಯ ಮೂರನೆಯ ವರ್ಷ ತಲೆ ಕೈಮೀರಿತು. ಬಿಳಿಯ ಪುಡಿ ಹೋಗಿ ಹಳದಿ ಪದರ ಕಟ್ಟತೊಡಗಿತು, ಮುಟ್ಟಿದರೆ ಅಂಟು ಅಂಟು. ಕಿವಿಯ ಹಿಂದೆ ಬಿರುಕು, ಹುಬ್ಬಿನಲ್ಲೂ ಸಿಪ್ಪೆ. ನೆತ್ತಿ ಕೆಂಪಾಗಿ ಕೆಲವು ಕಡೆ ನೀರಾಡುತ್ತಿತ್ತು. ಬಾಚಿದರೆ ಬಾಚಣಿಗೆ ತುಂಬ ಕೂದಲು. ಉದುರಿದ್ದನ್ನು ಉಂಡೆ ಮಾಡಿ ರವಿಕೆಯೊಳಗೆ ಬಚ್ಚಿಟ್ಟುಕೊಂಡು, ಬಸ್ಸಿನ ಕಿಟಕಿಯಿಂದ ಹೊರಗೆ ಬಿಡುತ್ತಿದ್ದೆ, ಅತ್ತೆ ಕಸದಲ್ಲಿ ನೋಡಬಾರದೆಂದು. ಫೋನಿನಲ್ಲಿ ಹುಡುಕಿದೆ. ಹೊಟ್ಟಿನಿಂದ ಹೊರಟು ಕ್ಯಾನ್ಸರಿಗೆ ಮುಟ್ಟಲು ನಾಲ್ಕು ಪುಟ ಸಾಕಾಯಿತು. ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ, ಚಾಮರಾಜನಗರದ ಚರ್ಮದ ಡಾಕ್ಟರ ಮುಂದೆ ಹೋಗಿ ಕೂತೆ.

ನನ್ನ ವಯಸ್ಸಿನವರೇ ಒಬ್ಬ ಡಾಕ್ಟರಮ್ಮ. ದೀಪ ಹತ್ತಿರ ಎಳೆದುಕೊಂಡು ಪೆನ್ನಿನ ತುದಿಯಿಂದ ಕೂದಲು ಬಿಡಿಸಿ ನೋಡಿದರು. ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ನಾನೇ ತಡೆಯಲಾರದೆ ಕೇಳಿದೆ.

"ಬೋಳಿಸ್ಬೇಕಾ ಮೇಡಂ?"

"ಅಯ್ಯೋ, ಯಾಕ್ರೀ? ಎಣ್ಣೆ ಹಾಕ್ತೀರಾ?"

"ವಾರಕ್ಕೊಂದ್ಸಲ, ಚೆನ್ನಾಗಿ ಹಾಕ್ತೀನಿ" ಎಂದೆ, ಬುದ್ಧಿವಂತ ವಿದ್ಯಾರ್ಥಿಯ ಹಾಗೆ.

"ಅದೇ ತಪ್ಪು. ನಿಮ್ಮದು ಒಣಗಿದ ತಲೆ ಅಲ್ಲ, ಜಿಡ್ಡಿನ ತಲೆ. ಆ ಜಿಡ್ಡು ತಿಂದೇ ಬದುಕೋ ಬೂಸು ಎಲ್ಲರ ನೆತ್ತಿಯಲ್ಲೂ ಇರುತ್ತೆ. ನೀವು ಅದಕ್ಕೆ ಪ್ರತಿ ಶುಕ್ರವಾರ ಹಬ್ಬದೂಟ ಬಡಿಸ್ತಾ ಇದ್ದೀರಿ. ಕೂದಲೂ ದಟ್ಟ, ಬುಡಕ್ಕೆ ಗಾಳಿ ಹೋಗಲ್ಲ. ಅದಕ್ಕಿನ್ನೇನು ಬೇಕು?"

ಔಷಧಿಯ ಶಾಂಪೂ ಬರೆದುಕೊಟ್ಟರು. ವಾರಕ್ಕೆ ಎರಡು ಸಲ. ಜಡೆಗಲ್ಲ, ನೆತ್ತಿಗೆ. ಕೂದಲನ್ನು ನಾಲ್ಕು ಭಾಗ ಮಾಡಿಕೊಂಡು, ಒಂದೊಂದರ ಬುಡಕ್ಕೂ ಬೆರಳ ತುದಿಯಿಂದ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು, ಉಗುರು ತಾಗಿಸಬಾರದು, ಬುಡ ಒಣಗುವವರೆಗೆ ಜಡೆ ಹೆಣೆಯಬಾರದು. ಎಲ್ಲಕ್ಕೂ ಹೂಂ ಹೂಂ ಎಂದೆ. ಕೊನೆಗೆ ಅವರು, "ಆರು ವಾರ ನೆತ್ತಿಗೆ ಒಂದು ತೊಟ್ಟು ಎಣ್ಣೆ ಸೋಕಿಸಬೇಡಿ. ಆಮೇಲೆ ಬನ್ನಿ" ಎಂದಾಗ ಕುರ್ಚಿಯಿಂದ ಎದ್ದವಳು ಮತ್ತೆ ಕೂತೆ.

ಯಾಕೆಂದು ನಿಮಗೆ ಹೇಳಬೇಕು. ನಮ್ಮ ಕಡೆ ನೆತ್ತಿಗೆ ಎಣ್ಣೆ ಹಾಕದೆ ಇರುವುದು ಸಾವಿನ ಮನೆಯಲ್ಲಿ ಮಾತ್ರ. ಸೂತಕ ಕಳೆಯುವವರೆಗೆ ಯಾರೂ ಎಣ್ಣೆ ಮುಟ್ಟುವುದಿಲ್ಲ. ಆದ್ದರಿಂದ ಗಂಡ ಇರುವ ಹೆಂಗಸು ಸುಮ್ಮಸುಮ್ಮನೆ ನೆತ್ತಿ ಒಣಗಿಸಿಕೊಂಡು ಓಡಾಡಿದರೆ ಸಾವನ್ನು ಬಾ ಎಂದು ಕರೆದ ಹಾಗೆ. ಇದನ್ನು ಅತ್ತೆ ಬಾಯಿಬಿಟ್ಟು ಹೇಳುವುದೂ ಇಲ್ಲ, ಅಷ್ಟು ಕೆಟ್ಟ ಮಾತು. ಜೊತೆಗೆ ಅದು ಶಿವರಾತ್ರಿ ಕಳೆದ ಸಮಯ. ನಮ್ಮ ಯಜಮಾನರು ಬಂಡೀಪುರದಲ್ಲಿ ಫಾರೆಸ್ಟ್ ವಾಚರು. ಬೇಸಿಗೆ ಬಂತೆಂದರೆ ಕಾಡಿಗೆ ಬೆಂಕಿ ಬೀಳದಂತೆ ಕಾಯಲು ಕಾಡಿನೊಳಗಿನ ಕ್ಯಾಂಪಿಗೆ ಹೋಗುತ್ತಾರೆ. ಎಂಟು ಹತ್ತು ದಿನಕ್ಕೊಮ್ಮೆ ಮನೆ. ಅಲ್ಲಿ ಫೋನಿಗೆ ಸಿಗ್ನಲ್ಲಿಲ್ಲ, ಗುಡ್ಡ ಹತ್ತಿ ನಿಂತರೆ ಒಂದು ಕಡ್ಡಿ ಬರುತ್ತದಂತೆ. ಅವರು ಹೊರಟ ದಿನ ಅತ್ತೆ ನನಗೆ, "ಗಂಡ ಬೆಂಕಿ ಕಾಯಕ್ಕೆ ಓಗವ್ನೆ. ನೆತ್ತಿ ತಂಪಾಗ್ ಇಟ್ಕೊ ಕಣವ್ವಾ" ಎಂದಿದ್ದರು.

ನಾನು ಬಿ.ಕಾಂ. ಓದಿದವಳು. ನನ್ನ ನೆತ್ತಿಗೂ ಕಾಡಿನ ಬೆಂಕಿಗೂ ಏನು ಸಂಬಂಧ ಎಂದು ಗುಂಡ್ಲುಪೇಟೆ ಬರುವ ತನಕ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಬುದ್ಧಿಗೆ ಗೊತ್ತಾಯಿತು, ಭಯಕ್ಕೆ ಗೊತ್ತಾಗಲಿಲ್ಲ. ನಂಬಿಕೆ ಇಲ್ಲದಿದ್ದರೂ ಭಯ ಇರುತ್ತದೆ ಎಂಬುದನ್ನು ನಾನು ಆ ಬಸ್ಸಿನಲ್ಲಿ ಕಲಿತೆ. ಯಜಮಾನರಿಗೂ ಹೇಳಲಿಲ್ಲ. ಹೇಳಿದರೆ ಆ ಮಾತನ್ನು ಹೊತ್ತುಕೊಂಡೇ ಅವರು ಕಾಡಿನಲ್ಲಿ ಓಡಾಡಬೇಕಲ್ಲ.

ಹಾಗಾಗಿ ಕಳ್ಳತನ ಶುರುವಾಯಿತು. ಶುಕ್ರವಾರ ಬೆಳಿಗ್ಗೆ, "ಬಸ್ಸಿಗೆ ಹೊತ್ತಾಯ್ತು ಅತ್ತೆ, ನಾನೇ ಹಾಕ್ಕೋತೀನಿ" ಎಂದು ಬಟ್ಟಲು ಕಸಿದುಕೊಳ್ಳುವುದು. ಎರಡು ತೊಟ್ಟನ್ನು ಜಡೆಯ ತುದಿಗೆ, ಒಂದು ತೊಟ್ಟನ್ನು ಹಣೆಯಂಚಿನ ಕೂದಲಿಗೆ ಸವರಿ ಮಿರಮಿರ ಮಾಡಿಕೊಳ್ಳುವುದು. ಉಳಿದದ್ದನ್ನು ಬಚ್ಚಲ ಹಿಂದಿನ ಬಾಳೆಬುಡಕ್ಕೆ ಸುರಿಯುವುದು. ಶಾಂಪೂವನ್ನು ಸೀಗೆಪುಡಿಯ ಡಬ್ಬದೊಳಗೆ ಹೂತಿಟ್ಟಿದ್ದೆ. ಬಚ್ಚಲಿನಲ್ಲಿ ಐದು ನಿಮಿಷ ನೊರೆ ಹೊತ್ತು ನಿಂತಿರುವಾಗ ಅತ್ತೆ ಹೊರಗಿನಿಂದ, "ಒಳ್ಗೇ ನಿದ್ದೆ ಮಾಡ್ಬುಟ್ಯಾ?" ಎಂದು ಕೂಗುವರು. ನಾನು ಸುಮ್ಮನೆ ನೀರು ಚೆಲ್ಲಿ ಸದ್ದು ಮಾಡುತ್ತಿದ್ದೆ. ತಲೆ ಒಣಗಿಸುವುದು ಇನ್ನೊಂದು ಪಾಡು. ಎಮ್ಮೆಗೆ ಹುಲ್ಲು ಹಾಕುವ ನೆಪದಲ್ಲಿ ಕೊಟ್ಟಿಗೆಯ ಹಿಂದೆ ಬಿಸಿಲಿಗೆ ಬೆನ್ನು ಕೊಟ್ಟು ಕೂದಲು ಹರಡಿ ಕೂರುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಎಮ್ಮೆ ಬಹಳ ಚೆನ್ನಾಗಿ ಮೇಯ್ದಿತು.

ಮೂರನೆಯ ವಾರಕ್ಕೆ ತುರಿಕೆ ನಿಂತಿತು. ಎಷ್ಟೋ ವರ್ಷದ ಮೇಲೆ ನೆತ್ತಿಯ ಚರ್ಮ ಚರ್ಮದ ಹಾಗೆ ಕೈಗೆ ಸಿಕ್ಕಿತು. ಖುಷಿಪಡಬೇಕಾಗಿತ್ತು. ಆದರೆ ತಲೆ ವಾಸಿಯಾದಷ್ಟೂ ನನ್ನ ಜೀವ ಕುಗ್ಗುತ್ತ ಬಂತು. ನನ್ನ ಸುಖಕ್ಕೆ ಅಲ್ಲಿ ಅವರು ಏನಾದರೂ ತೆರಬೇಕಾದರೆ? ಕಚೇರಿಯಲ್ಲಿ ಫೋನು ಕಿರ್ರ್ ಎಂದರೆ ಸಾಕು, ಕೈಲಿದ್ದ ಕಡತ ಬೀಳುತ್ತಿತ್ತು. ಒಣ ಎಲೆ ಸುಡುವ ವಾಸನೆ ಬಂದರೆ ಕಿಟಕಿಗೆ ಓಡುತ್ತಿದ್ದೆ.

ನಾಲ್ಕನೆಯ ವಾರದಲ್ಲಿ ಯುಗಾದಿ ಬಂತು.

ಯುಗಾದಿಯ ಎಣ್ಣೆ ಜಡೆಯ ತುದಿಗೆ ಸವರಿ ಮುಗಿಸುವಂಥದ್ದಲ್ಲ. ಹಿರಿಯರು ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ನೆತ್ತಿಗೆ ಇಟ್ಟು, ಆಮೇಲೆ ಹಿಡಿಗಟ್ಟಲೆ ಹಾಕಿ ತಟ್ಟುತ್ತಾರೆ. ತಪ್ಪಿಸಿಕೊಳ್ಳಲು ನನಗೆ ಒಂದೇ ದಾರಿ ಕಂಡಿತು. ಅತ್ತೆ ಬಟ್ಟಲು ಬೆಚ್ಚಗೆ ಮಾಡಿಕೊಂಡು ಬಂದು ಮಣೆ ಹಾಕುತ್ತಿದ್ದಂತೆ, "ಅತ್ತೆ, ನಾನು ಹೊರಗಾದೆ" ಎಂದೆ. ಮುಟ್ಟಾದವಳು ಹಬ್ಬದ ಎಣ್ಣೆ, ದೇವರು, ಒಲೆ ಯಾವುದನ್ನೂ ಮುಟ್ಟುವಂತಿಲ್ಲ.

ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. "ಸರಿ, ಅಂಗೇ ಜಗುಲಿ ಮ್ಯಾಲ್ ಕೂತ್ಕೊ" ಎಂದು ಒಳಗೆ ಹೋದರು.

ಜಗುಲಿಯಿಂದ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಒಳಗೆ ಹೋಳಿಗೆಯ ಹೂರಣದ ವಾಸನೆ, ಹೊರಗೆ ಬೀದಿಯಲ್ಲಿ ಎಣ್ಣೆ ಮೆತ್ತಿಕೊಂಡು ಓಡಾಡುವ ಮಕ್ಕಳು. ಹನ್ನೊಂದು ಗಂಟೆಯ ಹೊತ್ತಿಗೆ ಬೆಟ್ಟದ ಒಂದು ಮಗ್ಗುಲಲ್ಲಿ ತೆಳ್ಳಗೆ ಹೊಗೆ ಕಂಡಿತು. ಯಾರೋ ಅಡಿಗೆ ಮಾಡುತ್ತಿರಬೇಕು ಅಂದುಕೊಂಡೆ. ಬೆಟ್ಟದಲ್ಲಿ ಯಾರು ಅಡಿಗೆ ಮಾಡುತ್ತಾರೆ? ನೋಡುತ್ತಿದ್ದಂತೆ ಹೊಗೆ ಅಗಲವಾಯಿತು, ಕಂದು ಬಣ್ಣಕ್ಕೆ ತಿರುಗಿತು. ಯಜಮಾನರಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು ಫೋನಿನೊಳಗಿನ ಹೆಣ್ಣು. ಮತ್ತೆ ಮಾಡಿದೆ. ಅದೇ ಮಾತು, ಅದೇ ಸಮಾಧಾನದ ದನಿ. ಬೈಕಿನಲ್ಲಿ ಬಂದ ಪಕ್ಕದ ಮನೆಯ ನಂಜಪ್ಪಣ್ಣ ಗಾಡಿ ನಿಲ್ಲಿಸಿ, "ಬೆಟ್ಟದ್ ಆಚೆ ಮಗ್ಗುಲ್ಗೆ ಬೆಂಕಿ ಬಿದ್ದದಂತೆ ಕಣವ್ವಾ. ವಾಚರ್ಗಳೆಲ್ಲ ಅತ್ಲಾಗೇ ಓಗವ್ರಂತೆ. ಗಾಳಿ ಬ್ಯಾರೆ ಎದ್ದದೆ" ಎಂದ.

ನಾನು ಜಡೆಯೊಳಗೆ ಬೆರಳು ತೂರಿಸಿ ನೆತ್ತಿ ಮುಟ್ಟಿ ನೋಡಿಕೊಂಡೆ. ಒಣಗಿತ್ತು. ಸ್ವಚ್ಛವಾಗಿತ್ತು. ಅಷ್ಟು ಸ್ವಚ್ಛವಾದ ತಲೆ ನನ್ನ ಜನ್ಮದಲ್ಲಿ ಇರಲಿಲ್ಲ, ಅಂಥ ಭಯವೂ ಇರಲಿಲ್ಲ. ಕಾಲು ತಾನಾಗಿ ಎದ್ದಿತು. ಹೊರಗಾದವಳು ಹೊಸಿಲು ದಾಟಿ, ನಡುಮನೆ ದಾಟಿ, ಒಲೆಯ ಮುಂದೆ ಹೋಗಿ ನಿಂತೆ.

"ಅತ್ತೆ, ನಾನು ಹೊರಗಾಗಿಲ್ಲ. ಸುಳ್ಳು ಹೇಳ್ದೆ."

"ಗೊತ್ತು ಬುಡು. ಓದ್ ವಾರ ತಾನೆ ಒರ್ಗೆ ಕೂತಿದ್ದೆ ನೀನು" ಎಂದರು ಅತ್ತೆ, ಹಂಚಿನ ಮೇಲಿಂದ ಕಣ್ಣು ತೆಗೆಯದೆ. ಹೋಳಿಗೆ ಸೀದು ಕಪ್ಪಾಗಿತ್ತು. ನಂಜಪ್ಪಣ್ಣನ ಮಾತು ಅವರಿಗೂ ಕೇಳಿಸಿತ್ತು.

"ನಾಲ್ಕು ವಾರದಿಂದ ನೆತ್ತಿಗೆ ಎಣ್ಣೆ ಹಾಕಿಲ್ಲ. ಡಾಕ್ಟ್ರು ಬೇಡ ಅಂದಿದ್ರು. ನಿಮಗೆ ಹೇಳೋಕೆ ಹೆದರ್ಕೊಂಡೆ. ಈಗ ಹಾಕ್ಬಿಡಿ ಅತ್ತೆ, ಎಷ್ಟು ಬೇಕಾದ್ರೂ ಹಾಕಿ. ತಲೆ ಹುಣ್ಣಾದ್ರೂ ಆಗ್ಲಿ."

ಅತ್ತೆ ಒಲೆಯ ಬೆಂಕಿ ಹಿಂದಕ್ಕೆಳೆದು, ಬಟ್ಟಲು ತೆಗೆದುಕೊಂಡು, ನನ್ನ ರಟ್ಟೆ ಹಿಡಿದು ಜಗುಲಿಗೆ ಕರೆತಂದರು. ಮೆಟ್ಟಿಲ ಮೇಲೆ ಕೂರಿಸಿ ಜಡೆ ಬಿಚ್ಚಿದರು. ಮೂರು ವರ್ಷದಿಂದ ಯಾರು ನನ್ನ ಜಡೆ ಬಿಚ್ಚಿ ನೋಡಬಾರದೆಂದು ದೇವರಲ್ಲಿ ಬೇಡಿಕೊಂಡಿದ್ದೆನೋ ಅವರೇ ನಡುಹಗಲ ಬಿಸಿಲಿನಲ್ಲಿ, ಬೀದಿಗೆ ಕಾಣುವಂತೆ, ಒಂದೊಂದೇ ಎಳೆ ಬಿಡಿಸಿ ನೋಡತೊಡಗಿದರು. ಪದರ ಹೋಗಿತ್ತಾದರೂ ಹಳೆಯ ಗಾಯದ ಕಲೆಗಳು ಹಾಗೇ ಇದ್ದವು. ಅವರ ಬೆರಳು ಕಿವಿಯ ಹಿಂದಿನ ಕೆಂಪಿಗೆ ತಾಕಿದಾಗ ನಾನು ಚುರ್ರೆಂದು ಮುದುಡಿದೆ. ಬೆರಳು ಅಲ್ಲೇ ನಿಂತಿತು.

"ಇಷ್ಟು ಗಾಯದ್ ಮ್ಯಾಲೆ ಎಣ್ಣೆ ಸುರೀತಿದ್ನಾ ನಾನು? ಬಾಯ್ಬುಟ್ಟು ಏಳ್ಬಾರ್ದಾ?"

"ನೀವು ಹಾಕಿ ಅತ್ತೆ. ಅಲ್ಲಿ ಹ್ಯಾಗಿದ್ದಾರೋ" ಎಂದು ತಲೆ ಬಗ್ಗಿಸಿದೆ. ಬೆಟ್ಟ ನೋಡಲು ಧೈರ್ಯವಿರಲಿಲ್ಲ.

ಎಣ್ಣೆ ಬೀಳಲಿಲ್ಲ. ಬಟ್ಟಲನ್ನು ಕಲ್ಲಿನ ಮೇಲಿಟ್ಟ ಸದ್ದು ಕೇಳಿಸಿತು. ಬಿಡಿಸಿದ ಕೂದಲನ್ನು ಒಟ್ಟುಮಾಡಿ ಬೆನ್ನ ಮೇಲೆ ಬಿಟ್ಟು ಅತ್ತೆ ಹೇಳಿದರು.

"ನಿಮ್ಮಾವ ಓಗಿದ್ದು ದೀಪಾವಳಿ ದಿಸ ಕಣವ್ವಾ. ಎಣ್ಣೆ ನೀರು ಮಾಡ್ಕಂಡು, ಹೊಲ್ದಲ್ಲಿ ಆನೆ ನುಗ್ಗದೆ ಅಂತ ಓಡ್ದ. ಒತ್ಕೊಂಡು ಬಂದಾಗ ನನ್ ತಲೇಲಿ ಎಣ್ಣೆ ಸೋರ್ತಾ ಇತ್ತು."

ಮಾವನವರು ಆನೆಗೆ ಸಿಕ್ಕಿದ್ದು ನನಗೆ ಗೊತ್ತಿತ್ತು. ಈ ಮಾತು ಗೊತ್ತಿರಲಿಲ್ಲ. ಮಗನಿಗೂ ಹೇಳಿರಲಿಕ್ಕಿಲ್ಲ. ಮೆಲ್ಲಗೆ ಕೇಳಿದೆ, "ಮತ್ತೆ ಯಾಕತ್ತೆ, ಪ್ರತಿ ಶುಕ್ರವಾರ?"

"ಇನ್ನೇನ್ ಮಾಡಕ್ಕಾಯ್ತದೆ ನನ್ ಕೈಲಿ? ನಾನೇನ್ ಬೆಂಕಿ ಆರ್ಸಕ್ ಓಗಕ್ಕಾಯ್ತದಾ?" ಎಂದರು ಅತ್ತೆ. ಇಷ್ಟು ವರ್ಷ ನಾನೊಬ್ಬಳೇ ಹೆದರಿಕೊಂಡು ಬದುಕುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಅದಕ್ಕೆ ಅವತ್ತು ನಾಚಿಕೆಯಾಯಿತು.

ಹೊಗೆ ಕರಗುತ್ತಿರಲಿಲ್ಲ. ಅತ್ತೆಯ ಕೈಗಳು ಸುಮ್ಮನಿರಲಾರದೆ ಸೆರಗು ತಿರುಚುತ್ತಿದ್ದವು. ಆಮೇಲೆ ಇದ್ದಕ್ಕಿದ್ದಂತೆ ಕೆಳಗಿನ ಮೆಟ್ಟಿಲಿಗೆ ಇಳಿದು ಕೂತು, "ಕಾಲ್ ನೀಡು" ಎಂದರು.

"ಅಯ್ಯೋ ಅತ್ತೆ, ಬೇಡಿ" ಎಂದು ಕಾಲು ಹಿಂದಕ್ಕೆಳೆದುಕೊಂಡೆ. ಸೊಸೆಯ ಕಾಲನ್ನು ಅತ್ತೆ ಮುಟ್ಟುವುದೇ? ಅವರು ಬಿಡಲಿಲ್ಲ, ಎಮ್ಮೆಯ ಕಾಲು ಹಿಡಿದ ಹಾಗೆ ಗಟ್ಟಿಯಾಗಿ ಹಿಡಿದರು.

"ಡಾಕ್ಟ್ರು ತಲೆಗ್ ತಾನೆ ಬ್ಯಾಡ ಅಂದಿದ್ದು? ಕಾಲ್ಗೆ ಬ್ಯಾಡ ಅಂದ್ರಾ?"

ಇಲ್ಲವೆಂದು ತಲೆಯಾಡಿಸಿದೆ. ಬಟ್ಟಲಲ್ಲಿದ್ದ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಮೊದಲು ಎರಡು ಮಂಡಿಗೆ, ಆಮೇಲೆ ಪಾದಕ್ಕೆ ಇಟ್ಟರು. ಬಟ್ಟಲು ಬರಿದಾಗುವ ತನಕ ಹಿಮ್ಮಡಿ, ಬೆರಳ ಸಂದು ಬಿಡದೆ ತಿಕ್ಕಿದರು. ಕಣ್ಣು ಮಾತ್ರ ಬೆಟ್ಟದ ಮೇಲೆ. ನಾನೂ ಬೆಟ್ಟವನ್ನೇ ನೋಡುತ್ತ ಬಿಚ್ಚಿದ ತಲೆಯಲ್ಲಿ ಕೂತಿದ್ದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎನ್ನಿಸಿತು.

ಎಷ್ಟು ಹೊತ್ತಾಯಿತೋ, ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಅತ್ತೆಯ ಎರಡೂ ಕೈ ಎಣ್ಣೆ. ನಾನೇ ಒತ್ತಿ, ಸ್ಪೀಕರ್ ಹಾಕಿ, ಇಬ್ಬರ ನಡುವೆ ಹಿಡಿದೆ. ಗಾಳಿಯ ಸದ್ದು, ಯಾರದೋ ಕೆಮ್ಮು, ಆಮೇಲೆ ಹೊಗೆ ಕುಡಿದು ಕಟ್ಟಿದ ಯಜಮಾನರ ದನಿ.

"ಅವ್ವಾ, ಬೆಂಕಿ ಇಡ್ತಕ್ ಬಂದದೆ. ನಮ್ಗೆ ಯಾರ್ಗೂ ಏನೂ ಆಗಿಲ್ಲ. ಗಾಬ್ರಿ ಬೀಳ್ಬ್ಯಾಡಿ. ಹಬ್ಬ ಮಾಡುದ್ರಾ? ಎಣ್ಣೆ ನೀರು ಆಯ್ತಾ?"

ಅತ್ತೆ ತಮ್ಮ ಅಂಗೈಗಳನ್ನು ನೋಡಿಕೊಂಡರು, ನನ್ನ ಕಾಲುಗಳನ್ನು ನೋಡಿದರು. ಮೊಣಕೈಯಿಂದ ಕಣ್ಣೊರೆಸಿಕೊಂಡು ಫೋನಿನ ಹತ್ತಿರ ಬಾಯಿ ತಂದರು.

"ಆಯ್ತು ಕಣಪ್ಪ. ಇಬ್ರುದೂ ಆಯ್ತು."